ಅಳತೆಯ ಇನ್ನೊಂದು ತುದಿ

ಮನಿಲಾ, ಎಸ್ಕೋಲ್ಟಾ ಬೀದಿ. ಬೆಳಗಿನ ಏಳು.
ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಎಲ್ಪಿದಿಯೋನ ಹೆಬ್ಬೆರಳ ಕೆಳಗೆ.
ನಲವತ್ತೊಂದು ವರ್ಷ ಈ ಕಟ್ಟಡದ ಲಿಫ್ಟು ನಡೆಸಿದವನು
ಈಗ ದಿನಗೂಲಿಗೆ ನನ್ನ ಗೂಟ.
‘ಹಿಡಿದಿರಾ?’ ಅಂದರೆ
‘ಯಾವತ್ತೋ’ ಅನ್ನುತ್ತಾನೆ.

ಇರುವುದನ್ನು ಇದ್ದ ಹಾಗೆ ಬರೆ, ನನಗೆ ಹೇಳಿದ್ದು ಇಷ್ಟೆ.
ಏನಾಗಬೇಕೋ ಅದನ್ನು ಬರೆಯುವವರು ಬೇರೆ,
ಮಕಾಟಿಯ ತಣ್ಣನೆ ಗಾಜಿನೊಳಗೆ.

ಬರೆದೆ:
ಮೆಟ್ಟಿಲು ಮೆಟ್ಟಿಲಾಗಿ ಏರಿ ತಟ್ಟನೆ ನಿಂತ ನೆತ್ತಿ,
ಅಲ್ಲಿ ಸಿಮೆಂಟಿನ ಸೂರ್ಯ, ಕಿರಣ ಹದಿಮೂರು
(ಹದಿನಾಲ್ಕನೆಯದನ್ನು ಯುದ್ಧ ಕಿತ್ತುಕೊಂಡಿತಂತೆ).
ಬಾಗಿಲ ಹಿತ್ತಾಳೆಯಲ್ಲಿ ಅಂಕುಡೊಂಕು ಮಿಂಚು,
ಕೈ ಹಿಡಿವಲ್ಲಿ ಮಾತ್ರ ಹೊಳಪು, ಉಳಿದದ್ದು ಕಿಲುಬು.
ಕೆಳಗೋಡೆಗೆ ಪಾಸಿಗ್ ನದಿ ತಾನೇ ಎಳೆದ ನೆರೆಯ ಗೆರೆಗಳು,
ನನ್ನವಕ್ಕಿಂತ ನೇರ.

ಐದನೆಯ ಮಹಡಿ. ದಂತವೈದ್ಯೆ ರೆಮೆದಿಯೋಸ್ ಕೋಣೆ.
ಕುರ್ಚಿ ಹೋಗಿದೆ. ಕುರ್ಚಿ ಇದ್ದಲ್ಲಿಂದ ಬಲಕ್ಕೆ, ಮೊಸಾಯಿಕ್ ನೆಲದಲ್ಲಿ
ಎರಡು ಪಾದದಗಲ ತಗ್ಗು.
ಮೂವತ್ತು ವರ್ಷ ಒಂದೇ ಕಡೆ ನಿಂತವಳು.
ರಸಮಟ್ಟ ಇಟ್ಟು ನೋಡಿದೆ: ನಾಲ್ಕು ಮಿಲಿಮೀಟರು.
ಎಲ್ಪಿದಿಯೋ ಅದನ್ನು ತುಳಿಯಲಿಲ್ಲ, ಬಳಸಿ ಹೋದ.
‘ನನ್ನ ಎರಡು ದವಡೆ ಹಲ್ಲು ಇಲ್ಲೇ ಹೋದವು.
ದುಡ್ಡು ತಗೊಳ್ಳಲಿಲ್ಲ. ಸಂಜೆ ಆರಕ್ಕೆ
ಅವಳು ಬೀಗ ಹಾಕುವ ತನಕ
ಲಿಫ್ಟು ಐದರಲ್ಲೇ ನಿಲ್ಲಿಸಿಟ್ಟಿರುತ್ತಿದ್ದೆ.’
ಅಷ್ಟೇ ಹೇಳಿದ. ಅದರ ಅಳತೆ ಕೇಳಲಿಲ್ಲ ನಾನು.

ನಕ್ಷೆಯಲ್ಲಿ ಬರೆದೆ: ನೆಲ ಸವೆದಿದೆ, ಉಳಿಸುವುದು.
ಕೆಂಪು ಶಾಯಿಯಲ್ಲಿ ಮರಳಿತು: ಸಮ ಮಾಡುವುದು.
ಅಲ್ಲಿ ಬಟ್ಟೆಯ ಕೋಣೆ ಬರುತ್ತದೆ, ಒಳಗೇ ಅಡ್ಡಾಡುವಷ್ಟು ದೊಡ್ಡದು.
ಗಡಿಯಾರ ರಿಪೇರಿಯ ಟಾನ್ ಅಂಗಡಿ ವೈನು ತಂಪಾಗುವ ಮೂಲೆ.
ನೋಟರಿಯ ಬಾಗಿಲಲ್ಲಿ ಬಾಡಿಗೆ ಸಾಕ್ಷಿಗಳು ಕಾಯುತ್ತಿದ್ದ ಜಾಗ
ಯೋಗಕ್ಕೆ.
ಸೂರ್ಯ ಉಳಿದ. ಹದಿನಾಲ್ಕನೆಯ ಕಿರಣ ಹಚ್ಚಿಸಿಕೊಂಡು
ಮಾರಾಟದ ಪುಸ್ತಿಕೆಯ ಮೇಲೆ ಹುಟ್ಟಿದ.

ನ್ಯಾಯವಾಗಿ ಹೇಳಬೇಕೆಂದರೆ ಮಾಡು ಸೋರುತ್ತಿತ್ತು.
ಇಲಿಗಳಿದ್ದವು. ಆರನೆಯ ಮಹಡಿಯ ಗೋಡೆಯನ್ನು
ಎಲ್ಲಿಂದಲೋ ಬಂದ ಆಲದ ಬೇರು ಸೀಳಿತ್ತು.
ಇವರು ಕೊಳ್ಳದಿದ್ದರೆ ಕೆಡವುವವರು ಕಾದಿದ್ದರು.
ನನ್ನ ಬಾಡಿಗೆ ಕಟ್ಟಿದ್ದೂ ಈ ಗೆರೆಗಳೇ.

ಹನ್ನೊಂದು ತಿಂಗಳು ಕೆಲಸ.
ಸಾಮಾರ್ ದ್ವೀಪದಿಂದ ಗಾರೆಯವರು ಬಂದರು, ಹನ್ನೆರಡು ಜನ,
ಅಡುಗೆಗೆ ಲುನಿಂಗ್ನಿಂಗ್, ಅವಳ ಸೊಂಟದಲ್ಲೊಂದು ಕೂಸು.
ಐದರಲ್ಲೇ ಮಲಗಿದರು, ಸಿಮೆಂಟು ಚೀಲ ಬಿಡಿಸಿ ಹಾಸಿಕೊಂಡು.
ಸೂರ್ಯನ ಒಂದು ಕಿರಣಕ್ಕೂ ನೀರಿನ ತೊಟ್ಟಿಗೂ ಹಗ್ಗ ಬಿಗಿದು
ಅಂಗಿ ಒಣಹಾಕಿದರು.
ರಾತ್ರಿ ಸೇತುವೆಯ ಮೇಲಿಂದ ನೋಡಿದೆ:
ಎಲ್ಲ ಅಂಗಡಿ ಮುಚ್ಚಿದ ಮೇಲೂ
ಒಂದು ಕಿಟಕಿ ಹಳದಿ.

ಒಂದು ಮುಂಜಾನೆ ಮೇಲೆ ಹೋದಾಗ
ನೆಲದ ಸರದಿ ಇನ್ನೂ ಬಂದಿರಲಿಲ್ಲ.
ಅವಳು ಕೂಸಿಗೆ ನೀರೆರೆಯುತ್ತಿದ್ದಳು.
ಕೋಣೆಯಲ್ಲಿ ನೀರು ನಿಲ್ಲುತ್ತಿದ್ದದ್ದು ಅಲ್ಲೊಂದೇ ಕಡೆ,
ನಾಲ್ಕು ಮಿಲಿಮೀಟರು. ಕೂಸು
ಅದನ್ನು ಎರಡೂ ಅಂಗೈಯಿಂದ ಬಡಿಯುತ್ತಿತ್ತು.
ಇಟ್ಟಿಗೆಯ ಒಲೆಯ ಮೇಲೆ ಅನ್ನ ಉಕ್ಕಿ
ಪಾತ್ರೆಯ ಅಂಚು ದಾಟಿ ಇಳಿಯಿತು.
ಯಾರೂ ಉರಿ ತಗ್ಗಿಸಲಿಲ್ಲ.

ಈಗ ಎಲ್ಲ ಮಾರಿದೆ.
ಕೊಂಡವರು ಸಿಂಗಪುರ, ದುಬೈ, ಇನ್ನೆಲ್ಲೋ.
ಲಿಫ್ಟು ತನ್ನಷ್ಟಕ್ಕೆ ತಾನೇ ಮಾತಾಡುತ್ತದೆ.

ನಿನ್ನೆ ಆರರ ಹೊತ್ತಿಗೆ ಸೇತುವೆಯ ಮೇಲೆ ಎಲ್ಪಿದಿಯೋ ಸಿಕ್ಕಿದ.
ಕತ್ತಲ ಕಿಟಕಿಗಳಿಗೆ ಬೆರಳೆತ್ತಿ
ಮಹಡಿ ಕೂಗುವ ಹಳೆಯ ದನಿಯಲ್ಲಿ:
ಒಂದು. ಎರಡು. ಮೂರು. ನಾಲ್ಕು.
ಐದಕ್ಕೆ ಬೆರಳು ನಿಲ್ಲಿಸಿ
ಹಾಗೇ
ಕಾದ.